ಸ್ಪಷ್ಟನೆ: ಕೆಲಸ ಬಿಟ್ಟ ಮೇಲೂ ಕಿರುಕುಳದ ದೂರು ಕೊಡಬಹುದು

"ರಾಜೀನಾಮೆ ಕೊಟ್ಟ ಮೇಲೆ ಹಳೇ ಆಫೀಸಿನ ಕಿರುಕುಳದ ಬಗ್ಗೆ ದೂರು ಕೊಡುವಂತಿಲ್ಲ" ಎಂಬ ಮೆಸೇಜ್ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಲೈಂಗಿಕ ಕಿರುಕುಳವಾಗಿದ್ದರೆ, ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಇದೆ. ಅದರ 2ನೇ ಸೆಕ್ಷನ್ ಪ್ರಕಾರ ದೂರು ಕೊಡುವ ಮಹಿಳೆ ಅಲ್ಲಿ ಕೆಲಸದಲ್ಲಿ ಇರಲೇಬೇಕೆಂದಿಲ್ಲ. ಆದರೆ 9ನೇ ಸೆಕ್ಷನ್‌ನಲ್ಲಿ ಗಡುವಿದೆ: ಕೊನೆಯ ಘಟನೆಯಿಂದ 3 ತಿಂಗಳು. ತಕ್ಕ ಕಾರಣವಿದ್ದರೆ ದೂರು ವಿಚಾರಿಸುವ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ದೂರು ಕೊಡಬೇಕೋ ಬೇಡವೋ ಎಂಬುದು ನಿಮ್ಮದೇ ತೀರ್ಮಾನ. ಗಡುವು ಮಾತ್ರ ಕಾಯಲ್ಲ ಅಲ್ವಾ? ಹಳೇ ಮೆಸೇಜ್, ಸ್ಕ್ರೀನ್‌ಶಾಟ್ ಅಳಿಸಬೇಡಿ.

ಲೈಂಗಿಕವಲ್ಲದ ಬೈಗುಳ, ಅವಮಾನಗಳಿಗೆ ಈ ಕಾಯ್ದೆ ಬರುವುದಿಲ್ಲ. ಅದಕ್ಕೆ ಬೇರೆ ದಾರಿಗಳಿವೆ, ವಕೀಲರನ್ನು ಕೇಳಿ.

ಆ ಮೆಸೇಜನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಅದನ್ನು ನಂಬಿ ಸುಮ್ಮನಾದವರ ಗಡುವು ಮುಗಿದುಹೋಗುತ್ತದೆ.