ಸಕ್ಕರೆ ಕಾಯಿಲೆಯವರಿಗೆ ರಕ್ತನಾಳದ ಜೀನ್ ಪರೀಕ್ಷೆ ಬೇಕಾ?

ಪರ: ಬೇಕು, ಒಂದು ಸಲ ನೋಡಿಬಿಡಿ

ಅಪ್ಪನಿಗೂ ಚಿಕ್ಕಪ್ಪನಿಗೂ ಒಂದೇ ವರ್ಷ ಶುಗರ್ ಬಂತು. ಒಂದೇ ಮಾತ್ರೆ, ಒಂದೇ ಒಲೆಯ ಮುದ್ದೆ ಸಾರು. ಮೂರು ತಿಂಗಳ ಸಕ್ಕರೆಯ ಆವರೇಜ್ (HbA1c) ಇಬ್ಬರದ್ದೂ ಎಂಟರ ಆಸುಪಾಸು. ಹದಿನೈದು ವರ್ಷ ಆಯಿತು. ಅಪ್ಪ ಈಗಲೂ ತೋಟಕ್ಕೆ ನಡೆದೇ ಹೋಗುತ್ತಾರೆ. ಚಿಕ್ಕಪ್ಪನ ಹೃದಯಕ್ಕೆ ಎರಡು ಸ್ಟೆಂಟ್ ಬಿದ್ದಿವೆ. "ನೀನು ಬಾಯಿ ಕಟ್ಟಲಿಲ್ಲ" ಎಂದು ಮನೆಯವರೆಲ್ಲ ಅವರನ್ನೇ ಬೈದೆವು. ಅದು ತಪ್ಪು ಅಂತ ಈಗ ಸಂಕಟವಾಗುತ್ತದೆ.

ಸಕ್ಕರೆ ಅಷ್ಟೇ ಇದ್ದರೂ ಎಲ್ಲರ ನಾಳವೂ ಒಂದೇ ಥರ ಕೆಡುವುದಿಲ್ಲ. ಹ್ಯಾಪ್ಟೊಗ್ಲೋಬಿನ್ ಎಂಬ ಪ್ರೋಟೀನನ್ನೇ ನೋಡಿ. ಕೆಂಪು ರಕ್ತಕಣ ಒಡೆದಾಗ ಹಿಮೋಗ್ಲೋಬಿನ್ ಹೊರಗೆ ಚೆಲ್ಲುತ್ತದೆ. ಅದರ ಕಬ್ಬಿಣ ನಾಳದ ಒಳಗೋಡೆಯನ್ನು ಕೆಡಿಸದಂತೆ ಈ ಪ್ರೋಟೀನ್ ಅದನ್ನು ಹಿಡಿದು ಸಾಗಿಸುತ್ತದೆ. ಇದರ ಜೀನ್ 16ನೇ ಕ್ರೋಮೋಸೋಮ್‌ನಲ್ಲಿದೆ. ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು. ಪ್ರತಿಯಲ್ಲಿ 1, 2 ಎಂಬ ಎರಡು ರೂಪ. ಹಾಗಾಗಿ ಜನರಲ್ಲಿ ಮೂರು ಬಗೆ: 1-1, 2-1, 2-2. ಅಣ್ಣ ತಮ್ಮಂದಿರಲ್ಲೇ ಬೇರೆ ಬೇರೆ ಇರಬಹುದು. 2-2 ಇರುವವರಲ್ಲಿ ಕಾವಲು ಸಡಿಲ. ಅದಕ್ಕೆ ಸಕ್ಕರೆ ಸೇರಿದರೆ ಅಪಾಯ ಜಾಸ್ತಿ.

ಇಸ್ರೇಲ್‌ನಲ್ಲಿ 2-2 ಇರುವ, 55 ದಾಟಿದ 1,434 ಸಕ್ಕರೆ ರೋಗಿಗಳಲ್ಲಿ ಕೆಲವರಿಗೆ ದಿನಾ 400 ಯೂನಿಟ್ ವಿಟಮಿನ್ ಇ ಕೊಟ್ಟರು, ಉಳಿದವರಿಗೆ ಔಷಧವಿಲ್ಲದ ಮಾತ್ರೆ. 18 ತಿಂಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯದ ಸಾವು ಸೇರಿ ವಿಟಮಿನ್ ತಗೊಂಡವರಲ್ಲಿ ಶೇ 2.2, ಉಳಿದವರಲ್ಲಿ ಶೇ 4.7. ಅಧ್ಯಯನವನ್ನು ಮೊದಲೇ ನಿಲ್ಲಿಸಿ 2008ರಲ್ಲಿ ಪ್ರಕಟಿಸಿದರು. ಎಲ್ಲರಿಗೂ ಕೊಟ್ಟಾಗ ಕೆಲಸ ಮಾಡದ ವಿಟಮಿನ್, ಜೀನ್ ನೋಡಿ ಕೊಟ್ಟಾಗ ಮಾಡಿತು. ಜೀನ್ ಬದಲಾಗುವುದಿಲ್ಲ, ಹುಟ್ಟಿನಿಂದ ಅದೇ. ಒಂದು ಪರೀಕ್ಷೆ ಸಾಕಲ್ವಾ?

ವಿರೋಧ: ಮೊದಲು ಕಣ್ಣು ನೋಡಿಸಿ

ಚಿಕ್ಕಪ್ಪನನ್ನು ಬೈದದ್ದು ತಪ್ಪು, ಒಪ್ಪಿದೆ. ಆದರೆ ಆ ಶೇ 2.2, 4.7ರ ಹಿಂದೆ ಇರುವವರು, ಅಂದರೆ ಹೃದಯಾಘಾತ, ಪಾರ್ಶ್ವವಾಯು, ಸಾವು ಕಂಡವರು, ಎರಡೂ ಗುಂಪು ಸೇರಿ 49 ಜನ. ಅಷ್ಟನ್ನೇ ನಂಬಿ ಎಲ್ಲರ ಜೀನ್ ನೋಡೋದು ಅವಸರವಾಗುತ್ತದೆ. ಜನ "ವಿಟಮಿನ್ ಇ ಒಳ್ಳೇದಂತೆ" ಅಂತಷ್ಟೇ ಕೇಳಿಸಿಕೊಂಡು ಅಂಗಡಿಗೆ ಹೋಗುತ್ತಾರೆ. ಹೃದಯದ ಅಪಾಯ ಇದ್ದವರಿಗೆ ವಿಟಮಿನ್ ಇ ಕೊಟ್ಟು ನೋಡಿದ ಹೋಪ್ ಎಂಬ ಅಧ್ಯಯನವನ್ನು ಮುಂದುವರಿಸಿದಾಗ, 2005ರಲ್ಲಿ, ವಿಟಮಿನ್ ಇ ತಗೊಂಡವರಲ್ಲೇ ಹೃದಯ ವೈಫಲ್ಯ ಜಾಸ್ತಿ ಕಂಡಿತ್ತು. ಇನ್ನು 2-2 ಅಂತ ಬಂದರೆ "ಹಣೆಬರಹ, ಏನು ಮಾಡೋಕಾಗುತ್ತೆ" ಎಂದು ಕೈಚೆಲ್ಲುವವರೂ ಇದ್ದಾರೆ.

ಬ್ರಿಟನ್‌ನ ದೊಡ್ಡ ಅಧ್ಯಯನದಲ್ಲಿ, 1998ರಲ್ಲಿ, ಬಿಪಿಯನ್ನು ಬಿಗಿಯಾಗಿ ಹಿಡಿದಿಟ್ಟ ಸಕ್ಕರೆ ರೋಗಿಗಳಲ್ಲಿ ಪಾರ್ಶ್ವವಾಯು ಶೇ 44 ಕಡಿಮೆಯಾಯಿತು. ಜೀನ್ ನೋಡಿ ಮಾತ್ರೆ ಕೊಟ್ಟದ್ದಲ್ಲ.

ನನ್ನ ಅಮ್ಮನಿಗೆ ಶುಗರ್ ಬಂದು ಹನ್ನೆರಡು ವರ್ಷ ಆದರೂ ಕಣ್ಣಿನ ಪರದೆ ನೋಡಿಸಿ ಎಂದು ಯಾರೂ ಹೇಳಿರಲಿಲ್ಲ. ಒಳಗಿನ ರಕ್ತನಾಳ ಕೊಯ್ಯದೆ ನೇರವಾಗಿ ಕಾಣುವ ಜಾಗ ಅದು. ಕೊನೆಗೆ ಹೋದೆವು. ಹನಿ ಹಾಕಿ ಅರ್ಧ ಗಂಟೆ ಕೂರಿಸಿದರು. ಅಮ್ಮ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಾ "ಎಲ್ಲ ಮಂಜು ಮಂಜು ಕಣೋ" ಅಂದರು. ಫೋಟೋ ತೆರೆಯ ಮೇಲೆ ಬಂತು. ಕಿತ್ತಳೆ ಬಣ್ಣದ ನೆಲ, ಬೇರಿನ ಹಾಗೆ ಹರಡಿದ ನಾಳಗಳು, ನಡುವೆ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆಗಳು. ನಾಳದ ಗೋಡೆ ಅಲ್ಲಿ ಉಬ್ಬಿದೆ ಎಂದರು ಡಾಕ್ಟರು. ಎಡಗಣ್ಣಿನಲ್ಲಿ ಏಳು. ಅವತ್ತಿನಿಂದ ಅಮ್ಮ ಬಿಪಿ ಮಾತ್ರೆಯನ್ನು ಒಂದು ದಿನವೂ ಮರೆತಿಲ್ಲ.