ಬದಲಿಗೆ ಏನು ಎಂದು ಕೇಳಿದ್ದೇ ತಪ್ಪಾಯಿತು

ಭಾನುವಾರ ನಮ್ಮೂರ ವರ್ತಕರ ಸಭೆಗೆ ಹೋಗಿದ್ದೆ. ಹೋಗಬಾರದಿತ್ತು. ಊಟ ಚೆನ್ನಾಗಿತ್ತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೋಳಿಗೆಗೆ ತುಪ್ಪ ಧಾರಾಳವಾಗಿ ಬಡಿಸಿದರು. ಊಟಕ್ಕೆ ಮುಂಚೆ ನಡೆದದ್ದು ಮಾತ್ರ ಇನ್ನೂ ಅರಗಿಲ್ಲ.

ಮೊದಲ ನಿರ್ಣಯ ಒಂದೇ ಸಾಲಿನದು: ವಾಣಿಜ್ಯ ಕಟ್ಟಡಗಳ ಆಸ್ತಿ ತೆರಿಗೆಯನ್ನು ಅರ್ಧಕ್ಕೆ ಇಳಿಸಬೇಕು. ಓದಿ ಮುಗಿಸುವ ಮೊದಲೇ ಚಪ್ಪಾಳೆ. ನಾನೂ ತಟ್ಟಿದೆ, ಹಾರ್ಡ್‌ವೇರ್ ಅಂಗಡಿ ಇಟ್ಟವನಿಗೆ ತೆರಿಗೆ ಅರ್ಧವಾಗುತ್ತದೆ ಎಂದರೆ ಕೈ ತಾನಾಗಿಯೇ ಮೇಲೇಳುತ್ತದೆ. ಎರಡನೆಯ ನಿರ್ಣಯ, ಪೇಟೆ ಬೀದಿಯ ಚರಂಡಿಗೆ ಪುರಸಭೆ ತಕ್ಷಣ ಚಪ್ಪಡಿ ಹಾಕಿಸಬೇಕು. ಮೂರನೆಯದು ಬೀದಿ ದೀಪ. ನಾಲ್ಕನೆಯದು ನೀರು, ವಾರಕ್ಕೆ ಎರಡು ಸಲವಾದರೂ ಬಿಡಬೇಕು. ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಎದ್ದು ನಿಂತು ಕೇಳಿದೆ: "ಅರ್ಧ ತೆರಿಗೆ ಹೋಗುತ್ತದಲ್ಲ, ಅದರ ಬದಲಿಗೆ ಪುರಸಭೆಗೆ ಏನು?"

ಹಿಂದಿನ ಸಾಲಿನಿಂದ ಯಾರೋ "ಯಜಮಾನರು ಯಾವ ಕಡೆಯವರು?" ಎಂದರು. ಎಲ್ಲರೂ ನಕ್ಕರು. ಅಧ್ಯಕ್ಷರು ಬಹಳ ಸೌಜನ್ಯದಿಂದ, "ಅದನ್ನೆಲ್ಲ ಸರ್ಕಾರ ನೋಡಿಕೊಳ್ಳುತ್ತದೆ, ಕುಳಿತುಕೊಳ್ಳಿ" ಎಂದರು. ಕುಳಿತೆ. ಹೋಳಿಗೆ ಬರುವವರೆಗೂ ಕುಳಿತೇ ಇದ್ದೆ.

ಸರ್ಕಾರ ನೋಡಿಕೊಳ್ಳುತ್ತದೆ. ಈ ಮಾತನ್ನು ನಾನು ಮೊದಲು ಕೇಳಿದ್ದು ಹತ್ತು ವರ್ಷದ ಹುಡುಗನಾಗಿದ್ದಾಗ, ನಮ್ಮ ಮನೆಯ ಜಗಲಿಯ ಮೇಲೆ. ಹಳೆಯ ಸ್ನೇಹಿತರಿಗೆ ಗೊತ್ತಿರುವಂತೆ ನಮ್ಮ ಅಪ್ಪ ಜಕಾತಿ ನಾಕಾದಲ್ಲಿ ಗುಮಾಸ್ತರಾಗಿದ್ದರು. ಊರ ಬಾಗಿಲಿಗೆ ಅಡ್ಡಗಂಬ, ಪಕ್ಕದಲ್ಲಿ ತಗಡಿನ ಕೋಣೆ, ಒಂದು ಲಾಟೀನು, ಒಂದು ರಸೀದಿ ಪುಸ್ತಕ. ಊರೊಳಗೆ ಬರುವ ಪ್ರತಿ ಸರಕಿನ ಮೇಲೆ ಪುರಸಭೆಗೆ ಸುಂಕ. ಬೀದಿ ದೀಪ ಉರಿಯುತ್ತಿದ್ದದ್ದು ಆ ದುಡ್ಡಿನಲ್ಲಿ, ಬೀದಿ ಗುಡಿಸುವ ಝಾಡಮಾಲಿಗಳ ಸಂಬಳವೂ ಅದರಲ್ಲೇ. ಅಪ್ಪನ ಕೈ ಪೂರ್ತಿ ಶುದ್ಧವಾಗಿತ್ತು ಎಂದು ನಾನು ಹೇಳಲಾರೆ. ಬೆಲ್ಲದ ಗಾಡಿ ಬಂದ ದಿನ ನಮ್ಮ ಮನೆಗೂ ಎರಡು ಅಚ್ಚು ಬೆಲ್ಲ ಬರುತ್ತಿತ್ತು. ಆ ಬೆಲ್ಲ ತಿಂದೇ ಬೆಳೆದವನು ನಾನು.

1979ರಲ್ಲಿ, ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, ರಾಜ್ಯದಲ್ಲಿ ಈ ಜಕಾತಿ, ಅಂದರೆ ಆಕ್ಟ್ರಾಯ್, ರದ್ದಾಯಿತು. ಸಿಹಿ ಹಂಚಿದರಂತೆ. ಹಂಚಬೇಕಾದದ್ದೇ. ಲಾರಿಗಳು ಗಂಟೆಗಟ್ಟಲೆ ನಿಲ್ಲುತ್ತಿದ್ದವು, ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಅಡ್ಡಗಂಬ ಕಿತ್ತದ್ದು ಒಳ್ಳೆಯದೇ ಆಯಿತು, ನಾಕಾ ಗುಮಾಸ್ತರ ಮಗನೇ ಹೇಳುತ್ತಿದ್ದೇನೆ. ಅಪ್ಪನನ್ನು ಜನನ ಮರಣ ನೋಂದಣಿಗೆ ಹಾಕಿದರು. ಜಗಲಿಯ ಮೇಲೆ ಕುಳಿತು ಅವರ ಸಹೋದ್ಯೋಗಿ ಕೇಳಿದ್ದು ನನಗೆ ಇನ್ನೂ ನೆನಪಿದೆ: "ಇನ್ನು ಪುರಸಭೆಗೆ ದುಡ್ಡು ಎಲ್ಲಿಂದ?" ಅಪ್ಪ ಹೇಳಿದ್ದು ಅಧ್ಯಕ್ಷರು ಹೇಳಿದ ಅದೇ ಮಾತು.

ಸರ್ಕಾರ ಹೇಗೆ ನೋಡಿಕೊಂಡಿತು ಎಂದು ಸ್ವಲ್ಪ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅದೇ 1979ರಲ್ಲಿ ಪ್ರವೇಶ ತೆರಿಗೆಯ ಕಾಯ್ದೆ ಬಂತು. ನಾಕಾದಲ್ಲಿ ಪುರಸಭೆ ವಸೂಲಿ ಮಾಡುತ್ತಿದ್ದ ಸುಂಕದ ಜಾಗಕ್ಕೆ ವಾಣಿಜ್ಯ ತೆರಿಗೆ ಇಲಾಖೆ ವಸೂಲಿ ಮಾಡುವ ತೆರಿಗೆ. ಊರುಗಳ ನಷ್ಟವನ್ನು ತುಂಬಿಕೊಡಲಿಕ್ಕೆಂದೇ ತಂದದ್ದು. ಆದರೆ ಮೊದಲು ನಮ್ಮ ಪೆಟ್ಟಿಗೆಗೇ ಬೀಳುತ್ತಿದ್ದ ದುಡ್ಡು ಈಗ ಬೆಂಗಳೂರಿನ ಪೆಟ್ಟಿಗೆಗೆ ಬಿದ್ದು, ಅಲ್ಲಿಂದ "ಅನುದಾನ" ಎಂಬ ಹೆಸರಿನಲ್ಲಿ ತಿರುಗಿ ಬರತೊಡಗಿತು. ಹಕ್ಕು ದಾನವಾಯಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಆ ಪ್ರವೇಶ ತೆರಿಗೆಯನ್ನೂ ನುಂಗಿತು. ಜಾಹೀರಾತು ತೆರಿಗೆಯೂ ಹೋಯಿತು, ಅದನ್ನು ವಿಧಿಸುವ ಅಧಿಕಾರವನ್ನೇ ಸಂವಿಧಾನದ 101ನೇ ತಿದ್ದುಪಡಿ ರಾಜ್ಯ ಪಟ್ಟಿಯಿಂದ ತೆಗೆದುಹಾಕಿತು. ಜಿಎಸ್‌ಟಿಯಿಂದ ರಾಜ್ಯಗಳಿಗೆ ಆಗುವ ನಷ್ಟಕ್ಕೆ ವರ್ಷಕ್ಕೆ ಶೇ 14ರ ಬೆಳವಣಿಗೆ ಲೆಕ್ಕ ಹಿಡಿದು ಐದು ವರ್ಷ ಪರಿಹಾರ ಕೊಡಲು ಕೇಂದ್ರವೇ ಕಾನೂನು ಮಾಡಿತು. ರಾಜ್ಯಗಳು ದೆಹಲಿಯ ಮುಂದೆ ನಮ್ಮ ಪಾಲು, ನಮ್ಮ ಹಕ್ಕು ಎಂದು ಕೂಗಿದವು, ಸರಿಯಾಗಿಯೇ ಕೂಗಿದವು. ಅದೇ ರಾಜ್ಯದ ಮುಂದೆ ಪುರಸಭೆ ಹಾಗೆ ಕೂಗಿದರೆ ಮುಖ್ಯಾಧಿಕಾರಿಗೆ ವರ್ಗಾವಣೆ.

ಹೀಗೆ ನುಂಗಿದ ಮೇಲೆ ನಮ್ಮ ಪುರಸಭೆಗೆ ತನ್ನದು ಎಂದು ಹೇಳಿಕೊಳ್ಳಲು ಉಳಿದದ್ದು ಏನು? ಆಸ್ತಿ ತೆರಿಗೆ, ನೀರಿನ ಕಂದಾಯ, ಅಂಗಡಿ ಪರವಾನಗಿ ಶುಲ್ಕ, ಸಂತೆ ಹರಾಜು, ಮಳಿಗೆಗಳ ಬಾಡಿಗೆ. ಇಷ್ಟರಲ್ಲಿ ದೊಡ್ಡದು ಆಸ್ತಿ ತೆರಿಗೆ. ಅದರಲ್ಲೂ ವಾಸದ ಮನೆಗಿಂತ ಅಂಗಡಿಗೆ ದರ ಹೆಚ್ಚು. ಹಾಗಾಗಿ ಭಾನುವಾರ ಚಪ್ಪಾಳೆ ತಟ್ಟಿ ಅರ್ಧಕ್ಕೆ ಕಡಿಯಲು ಹೊರಟದ್ದು ಮರದ ಯಾವ ಕೊಂಬೆ ಎಂದು ನೀವೇ ಯೋಚಿಸಿ. ನಾವು ಕುಳಿತಿರುವುದೂ ಅದೇ ಕೊಂಬೆಯ ಮೇಲೆ.

ಇನ್ನೊಂದು ತಮಾಷೆ. ನಿಮ್ಮ ತೆರಿಗೆ ಚಲನ್ ತೆಗೆದು ನೋಡಿ. ತೆರಿಗೆ 10,000 ರೂಪಾಯಿ ಎಂದಿಟ್ಟುಕೊಳ್ಳಿ. ಅದರ ಮೇಲೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಪುನರ್ವಸತಿಗೆಂದು ಹಿಡಿಯುವ ಭಿಕ್ಷುಕರ ಕರ ಶೇ 3. ಅಂದರೆ 2,400 ರೂಪಾಯಿ ಪುರಸಭೆಯ ಕೈಯಿಂದ ವಸೂಲಿಯಾಗಿ ಬೇರೆಯವರ ಖಾತೆಗೆ ಹೋಗುವ ದುಡ್ಡು. ಬೈಗುಳ ಮಾತ್ರ ಪೂರ್ತಿ 12,400ಕ್ಕೂ ಪುರಸಭೆಗೇ. ಭಿಕ್ಷುಕರ ಕರ ವಸೂಲಿ ಮಾಡಿಕೊಡುವ ಸಂಸ್ಥೆಯೇ ಕೈ ಒಡ್ಡಿ ನಿಂತಿದೆ ಎಂದು ನಾನು ಸಭೆಯಲ್ಲಿ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಎಲೆ ಹಾಕಿದರು.

ಈಗ ಸಭೆಯವರ ಪರವಾದ ವಾದವನ್ನೂ ಹೇಳಬೇಕಲ್ಲ. ಮೊಬೈಲಿನಲ್ಲಿ ಒತ್ತಿದರೆ ಮನೆ ಬಾಗಿಲಿಗೆ ನಲ್ಲಿ, ಬೀಗ, ಬಣ್ಣದ ಡಬ್ಬ ಎಲ್ಲ ಬರುತ್ತದೆ. ಕಳಿಸುವ ಕಂಪನಿಗೆ ನಮ್ಮೂರಿನಲ್ಲಿ ಒಂದು ಇಟ್ಟಿಗೆಯೂ ಇಲ್ಲ, ಹಾಗಾಗಿ ತೆರಿಗೆಯೂ ಇಲ್ಲ. ನಮ್ಮ ತೆರಿಗೆ ನಿಂತಿರುವುದು ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರದ ಮೇಲೆ, ಅಂದರೆ ಜಾಗ, ಕಟ್ಟಡಕ್ಕೆ ಸರ್ಕಾರ ಗೊತ್ತುಮಾಡಿದ ಬೆಲೆಯ ಮೇಲೆ. 2023ರ ಅಕ್ಟೋಬರ್‌ನಲ್ಲಿ ಆ ದರ ರಾಜ್ಯದಾದ್ಯಂತ ಪರಿಷ್ಕರಣೆಯಾಯಿತು, ನನ್ನ ವ್ಯಾಪಾರ ಆ ಲೆಕ್ಕದಲ್ಲಿ ಪರಿಷ್ಕರಣೆಯಾಗಲಿಲ್ಲ. ಗಲ್ಲಾಪೆಟ್ಟಿಗೆ ಖಾಲಿಯಾದರೂ ಗೋಡೆಯ ಬೆಲೆ ಏರುತ್ತದೆ. ಇದೆಲ್ಲ ನಿಜ. ನನ್ನ ಬೀದಿಯಲ್ಲೇ ಮೂರು ಅಂಗಡಿಗಳ ಶಟರ್ ಇಳಿದಿದೆ. ಹಾಗಾದರೆ ತೆರಿಗೆ ಇಳಿಸಬೇಡವೇ? ಇಳಿಸಲಿ. ಬದಲಿಗೆ ಏನು ಎಂದು ಬರೆದಿಟ್ಟು ಇಳಿಸಲಿ. ನಾನು ಕೇಳಿದ್ದು ಅಷ್ಟೇ, ಅದಕ್ಕೇ ನಕ್ಕರು.

"ಪುರಸಭೆಯವರು ತಿನ್ನುತ್ತಾರೆ, ಅವರಿಗೆ ಯಾಕೆ ಕೊಡಬೇಕು?" ಎಂದು ಪಕ್ಕದ ಬಟ್ಟೆ ಅಂಗಡಿಯ ಸ್ನೇಹಿತರು ಕೇಳಿದರು. ತಿನ್ನುತ್ತಾರೆ, ಒಪ್ಪಿದೆ. ಬೆಂಗಳೂರಿನಿಂದ ಬಂದ ದುಡ್ಡಾದರೆ ಉಪವಾಸ ಮಾಡುತ್ತಾರೆಯೇ? ನನ್ನ ತೆರಿಗೆಯಿಂದ ನಡೆಯುವ ಪುರಸಭೆಯನ್ನು ನಾನು ರಸೀದಿ ಹಿಡಿದು ಕೇಳಬಹುದು. ಅನುದಾನದಿಂದ ನಡೆಯುವ ಪುರಸಭೆ ನನ್ನ ಕಡೆ ತಿರುಗಿಯೂ ನೋಡುವುದಿಲ್ಲ, ಅದರ ಕಣ್ಣು ಬೆಂಗಳೂರಿನ ಕಡೆಗೆ ನೆಟ್ಟಿರುತ್ತದೆ.

ಬೇರೆ ಕಡೆ ಬದಲಿ ಕೊಟ್ಟದ್ದು ಹೇಗೆ ಎಂದು ನೋಡಿ. ಮುಂಬೈ ಪಾಲಿಕೆ 2017ರವರೆಗೂ ಆಕ್ಟ್ರಾಯ್ ವಸೂಲಿ ಮಾಡುತ್ತಿತ್ತು. ಅದೇ ಅದರ ಅತಿ ದೊಡ್ಡ ಆದಾಯ, ವರ್ಷಕ್ಕೆ ಸುಮಾರು 7,000 ಕೋಟಿ. ನಮ್ಮ ಚಿಕ್ಕಪ್ಪ ಅಲ್ಲಿ ಹೋಟೆಲಿನಲ್ಲಿ ಕ್ಯಾಷಿಯರ್ ಆಗಿದ್ದವರು, ಮುಲುಂಡ್ ನಾಕಾದ ಲಾರಿ ಸಾಲಿನ ಕಥೆಗಳನ್ನು ಅಪ್ಪನಿಗೆ ಹೇಳಿ ಇಬ್ಬರೂ ನಗುತ್ತಿದ್ದರು. ಜಿಎಸ್‌ಟಿ ಬಂದಾಗ ಅದು ರದ್ದಾಯಿತು. ಆದರೆ ಅಲ್ಲಿ "ನೋಡಿಕೊಳ್ಳುತ್ತೇವೆ" ಎಂದು ಬಾಯಿಮಾತಿನಲ್ಲಿ ಬಿಡಲಿಲ್ಲ. ಸ್ಥಳೀಯ ಸಂಸ್ಥೆಗಳಿಗೆ ಪರಿಹಾರ ಕೊಡಲೆಂದೇ ಮಹಾರಾಷ್ಟ್ರ ವಿಧಾನಮಂಡಲ ಪ್ರತ್ಯೇಕ ಕಾಯ್ದೆ ಮಾಡಿತು. ವರ್ಷಕ್ಕೆ ಶೇ 8ರಷ್ಟು ಬೆಳೆಸಿ ತಿಂಗಳು ತಿಂಗಳು ಕೊಡಬೇಕೆಂದು ಬರೆಯಿತು. ಆ ಜುಲೈನಲ್ಲೇ 647 ಕೋಟಿಯ ಮೊದಲ ಚೆಕ್ಕನ್ನು ಹಣಕಾಸು ಸಚಿವರೇ ಪಾಲಿಕೆಗೆ ಹೋಗಿ ಕೊಟ್ಟರು. ರಾಜಕೀಯದ ಮೆರವಣಿಗೆಯೂ ಇತ್ತು, ಇರಲಿ. ಚೆಕ್ ಬಂತಲ್ಲ.

ಅಕ್ಕನ ಮಗ ಡೆಟ್ರಾಯಿಟ್ ಬಳಿ ಇದ್ದಾನೆ. ಅಮೆರಿಕದ ಆ ಮಿಶಿಗನ್ ರಾಜ್ಯದಲ್ಲಿ ಕಟ್ಟಡಕ್ಕಷ್ಟೇ ಅಲ್ಲ, ಉದ್ಯಮದ ಯಂತ್ರ, ಮೇಜು, ಕುರ್ಚಿಗಳಿಗೂ ಸ್ಥಳೀಯ ತೆರಿಗೆ. ಸಣ್ಣ ವ್ಯಾಪಾರಿಗಳಿಗೂ ಕಾರ್ಖಾನೆಗಳಿಗೂ ಅದನ್ನು ತೆಗೆಯಲು ಹೊರಟಾಗ ಊರುಗಳು ಗಲಾಟೆ ಮಾಡಿದವು. ಕೊನೆಗೆ 2014ರ ಆಗಸ್ಟ್‌ನಲ್ಲಿ ವಿಷಯವನ್ನು ಜನರ ಮತಕ್ಕೇ ಹಾಕಿ, ರಾಜ್ಯದ ಒಂದು ತೆರಿಗೆಯ ಪಾಲನ್ನು ಊರುಗಳಿಗೆ ಮೀಸಲಿಟ್ಟು, ಹಂಚಲು ಬೇರೆ ಪ್ರಾಧಿಕಾರವನ್ನೇ ಮಾಡಿದರು. ನಮ್ಮ ಸಭೆಯಲ್ಲಿ ನಾನು ಕೇಳಿದ ಪ್ರಶ್ನೆಯನ್ನು ಅಲ್ಲಿ ಲಕ್ಷಾಂತರ ಜನ ಮತಪತ್ರದಲ್ಲಿ ಕೇಳಿಕೊಂಡರು, ಯಾರೂ "ಕುಳಿತುಕೊಳ್ಳಿ" ಎನ್ನಲಿಲ್ಲ.

ನಮ್ಮಲ್ಲಿ ಬದಲಿಗೆ ಏನು ಕೊಡಬಹುದು? ದೂರ ಹೋಗಬೇಕಾಗಿಲ್ಲ. ವೃತ್ತಿ ತೆರಿಗೆ ಎಂದು ಒಂದಿದೆ. ತಿಂಗಳಿಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ಸಂಬಳದವರಿಂದ ಹೆಚ್ಚಿನ ತಿಂಗಳು 200 ರೂಪಾಯಿ ಹಿಡಿಯುತ್ತಾರಲ್ಲ, ಅದು. ವೈದ್ಯರು, ವಕೀಲರು, ನನ್ನಂಥ ವ್ಯಾಪಾರಿಗಳು ಕೂಡ ಕಟ್ಟುತ್ತೇವೆ. ತಮಿಳುನಾಡಿನಲ್ಲಿ, ಕೇರಳದಲ್ಲಿ ಅದನ್ನು ವಸೂಲಿ ಮಾಡುವುದು ಪಂಚಾಯಿತಿ, ಪುರಸಭೆಗಳು; ಅವುಗಳಿಗೇ ಅದು ಸೇರುತ್ತದೆ. ನಮ್ಮ ಕರ್ನಾಟಕದಲ್ಲಾದರೋ 1976ರ ಕಾಯ್ದೆಯ ಪ್ರಕಾರ ರಾಜ್ಯದ ಬೊಕ್ಕಸಕ್ಕೆ. ಅದನ್ನು ಊರಿಗೆ ಬಿಟ್ಟುಕೊಡಿ, ನನ್ನ ಅಂಗಡಿಯ ತೆರಿಗೆ ಇಳಿಸಿ. ಬಾಡಿಗೆ ಮನೆಯಲ್ಲಿದ್ದು ಒಂದು ಪೈಸೆ ಆಸ್ತಿ ತೆರಿಗೆ ಕಟ್ಟದ ಸಂಬಳದಾರರ ಪಾಲೂ ಆಗ ಚರಂಡಿಗೆ ಸಿಗುತ್ತದೆ. ವೃತ್ತಿ ತೆರಿಗೆಗೆ 1988ರಲ್ಲಿ ಸಂವಿಧಾನ ತಿದ್ದಿ ವರ್ಷಕ್ಕೆ 2,500 ರೂಪಾಯಿಯ ಮಿತಿ ಹಾಕಿದ್ದು ಇಂದಿಗೂ ಕದಲಿಲ್ಲ ಎಂಬುದು ಬೇರೆ ಮಾತು. ಆಗ ಅದು ಒಬ್ಬ ಮೇಷ್ಟ್ರ ಸಂಬಳ, ಈಗ ಒಂದು ಕುಟುಂಬದ ಹೋಟೆಲ್ ಊಟ.

ಇನ್ನೊಂದು ವಿಷಯ ಸಭೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಕೇಂದ್ರದ ದುಡ್ಡು ಹೇಗೆ ಹಂಚಬೇಕೆಂದು ಹೇಳುವ 15ನೇ ಹಣಕಾಸು ಆಯೋಗ ಪಟ್ಟಣಗಳ ಅನುದಾನಕ್ಕೆ ಷರತ್ತು ಹಾಕಿತ್ತು: ಆಸ್ತಿ ತೆರಿಗೆಯ ಕನಿಷ್ಠ ದರ ಗೊತ್ತುಪಡಿಸಬೇಕು, ರಾಜ್ಯದ ಆರ್ಥಿಕತೆ ಬೆಳೆದ ವೇಗದಲ್ಲಿ ಆಸ್ತಿ ತೆರಿಗೆಯ ವಸೂಲಿಯೂ ಬೆಳೆಯಬೇಕು. ಇಲ್ಲವಾದರೆ ಕೇಂದ್ರದ ದುಡ್ಡಿಲ್ಲ. ಅಂಥ ಷರತ್ತು ಇದ್ದಾಗ ತೆರಿಗೆ ಅರ್ಧ ಮಾಡಿದರೆ ಆ ಅರ್ಧದ ಜೊತೆಗೆ ಅನುದಾನಕ್ಕೂ ಎಳ್ಳುನೀರು.

ಇಷ್ಟೆಲ್ಲ ಬರೆದ ಮೇಲೆ ಒಂದು ಮಾತು ಒಪ್ಪಿಕೊಳ್ಳಲೇಬೇಕು. ನನ್ನ ಅಂಗಡಿಯ ಹಿಂದಿನ ಗೋದಾಮನ್ನು ಆರು ವರ್ಷದಿಂದ ಸ್ವಯಂ ಘೋಷಣೆಯಲ್ಲಿ "ವಾಸದ ಮನೆ" ಎಂದು ತೋರಿಸುತ್ತಿದ್ದೆ. ಅದರಲ್ಲಿ ವಾಸವಾಗಿರುವುದು ಸಿಮೆಂಟ್ ಚೀಲಗಳು ಮತ್ತು ಇಲಿಗಳು. ಎಲ್ಲರೂ ಮಾಡುತ್ತಾರೆ ಎಂದು ನಾನೂ ಮಾಡಿದೆ. ಇನ್ನೊಂದು ಕಡೆ, ಪುರಸಭೆಗೆ ನಾನು ಕೊಟ್ಟ ಪಿವಿಸಿ ಪೈಪು, ಗೇಟ್ ವಾಲ್ವ್‌ಗಳ ಬಿಲ್ಲು ಹದಿನಾಲ್ಕು ತಿಂಗಳಿಂದ ಬಾಕಿ ಇದೆ. ಅವರು ನನಗೆ ಕೊಡುವುದಿಲ್ಲ, ನಾನು ಅವರಿಗೆ ಸರಿಯಾಗಿ ಕೊಡುವುದಿಲ್ಲ, ಇಬ್ಬರೂ ಸೇರಿ ಬೆಂಗಳೂರಿನ ಕಡೆ ನೋಡುತ್ತೇವೆ. ನಮ್ಮ ವಾರ್ಡಿಗೆ ನೀರು ಬಿಡುವ ಹುಡುಗನಿಗೆ ಐದು ತಿಂಗಳಿಂದ ಸಂಬಳವಾಗಿಲ್ಲ. ನಾಲ್ಕನೆಯ ನಿರ್ಣಯ ಓದುವಾಗ ಅವನು ಕಲ್ಯಾಣ ಮಂಟಪದ ಹೊರಗೆ ಟ್ಯಾಂಕ್ ತುಂಬಿಸುತ್ತಿದ್ದ. ನನಗೆ ಎದ್ದು ನಿಲ್ಲುವಂತಾದದ್ದು, ನಿಜ ಹೇಳಬೇಕೆಂದರೆ, ಅವನು ಕಿಟಕಿಯಲ್ಲಿ ಕಂಡದ್ದರಿಂದ.

ಸೋಮವಾರ ಬೆಳಿಗ್ಗೆ ಪುರಸಭೆಗೆ ಹೋಗಿ ಗೋದಾಮನ್ನು ವಾಣಿಜ್ಯ ಎಂದು ತಿದ್ದಿಸಲು ಅರ್ಜಿ ಕೊಟ್ಟೆ. ಕಂದಾಯ ಶಾಖೆಯ ಗುಮಾಸ್ತರು ಅರ್ಜಿಯನ್ನು ಎರಡು ಸಲ ಓದಿ, "ಸರ್, ವಾಣಿಜ್ಯದಿಂದ ವಾಸಕ್ಕೆ ಬದಲಾಯಿಸಬೇಕಲ್ಲವೇ? ತಿರುವುಮುರುವಾಗಿ ಬರೆದಿದ್ದೀರಿ" ಎಂದರು. ಇಲ್ಲ, ಸರಿಯಾಗಿಯೇ ಬರೆದಿದ್ದೇನೆ ಎಂದೆ. ಅವರು ಒಳಗೆ ಹೋಗಿ ಇನ್ನಿಬ್ಬರನ್ನು ಕರೆದುಕೊಂಡು ಬಂದು ನನ್ನನ್ನು ತೋರಿಸಿದರು. ವ್ಯತ್ಯಾಸದ ಮೊತ್ತ, ದಂಡ, ಅದರ ಮೇಲೆ ಭಿಕ್ಷುಕರ ಕರ ಎಲ್ಲ ಸೇರಿ ಬಂದ ಲೆಕ್ಕ ನೋಡಿ ನನ್ನ ಆದರ್ಶ ಸ್ವಲ್ಪ ಅಲುಗಾಡಿತು, ಆದರೂ ಕಟ್ಟಿದೆ. ಹೊರಡುವಾಗ, ಈ ದುಡ್ಡಿನಲ್ಲೇ ನನ್ನ ಪೈಪಿನ ಬಿಲ್ಲು ಮುರಿದುಕೊಳ್ಳಬಹುದಲ್ಲ ಎಂದು ಕೇಳಿದೆ.

"ಇದು ಬೇರೆ ಖಾತೆ ಸರ್," ಎಂದರು. "ನಿಮ್ಮ ಬಿಲ್ಲು ಅನುದಾನ ಬಂದ ಮೇಲೆ. ಸರ್ಕಾರ ನೋಡಿಕೊಳ್ಳುತ್ತದೆ."

ರಸೀದಿಯ ಚಿತ್ರವನ್ನು ಕೆಳಗೆ ಹಾಕಿದ್ದೇನೆ. ಯಜಮಾನರು ಯಾವ ಕಡೆಯವರು ಎಂದು ಕೇಳಿದವರು ದಯವಿಟ್ಟು ದೊಡ್ಡದು ಮಾಡಿ ನೋಡಿಕೊಳ್ಳಬೇಕು.