ಮಾತ್ರೆಯ ಹೆಸರು ನೋಡಿ ಸಂಬಂಧ ಮುರಿದವರಿಗೆ

ನಿನ್ನೆ ಬದಿಯಡ್ಕದ ಕಡೆ ಮದುವೆಯೂಟಕ್ಕೆ ಕುಳಿತಿದ್ದಾಗ ಒಂದು ಸುದ್ದಿ ಕಿವಿಗೆ ಬಿತ್ತು. ಪಾಯಸ ಗಂಟಲಲ್ಲಿ ಇಳಿಯಲಿಲ್ಲ. ನಮ್ಮ ನೆಂಟರ ಹುಡುಗಿಗೆ ಕೂಡಿಬಂದಿದ್ದ ಸಂಬಂಧ ತಪ್ಪಿತಂತೆ. ಗಂಡಿನ ಸೋದರತ್ತೆ ಅವಳ ಬ್ಯಾಗಿನಲ್ಲಿ ಟೋಪಿರಮೇಟ್ ಮಾತ್ರೆ ಕಂಡು ಮೊಬೈಲಿನಲ್ಲಿ ಹುಡುಕಿದರಂತೆ. "ಇದು ಫಿಟ್ಸಿನ ಮದ್ದು!" ಅಲ್ಲಿಗೆ ಮಾತುಕತೆ ಮುಗಿಯಿತು.

ಹುಡುಗಿಗೆ ಇರುವುದು ಮೈಗ್ರೇನ್, ಅಂದರೆ ಮತ್ತೆ ಮತ್ತೆ ಬರುವ ತೀವ್ರ ತಲೆನೋವು. ಅದು ಬಾರದಿರಲೆಂದೂ ಈ ಫಿಟ್ಸಿನ ಮದ್ದು ಕೊಡುತ್ತಾರೆ. ನನ್ನ ತಲೆನೋವಿನ ಪುರಾಣ ನಿಮಗೆಲ್ಲ ಬಾಯಿಪಾಠ. ನಾನು ನುಂಗುವುದೂ ಅದೇ ಮಾತ್ರೆ. (ಬೆರಳು ಜುಮುಗುಡುತ್ತದೆ, ಸೋಡಾ ಸಪ್ಪೆಯಾಗುತ್ತದೆ. ಅದಕ್ಕಿಂತ ದೊಡ್ಡ ರಹಸ್ಯ ಅದರಲ್ಲಿಲ್ಲ.) ಮೈಗ್ರೇನಿಗೆ ಪ್ರೊಪ್ರನೊಲೊಲ್ ಕೊಡುತ್ತಾರೆ, ಅದು ರಕ್ತದೊತ್ತಡದ ಮದ್ದು. ಅಮಿಟ್ರಿಪ್ಟಿಲಿನ್ ಕೊಡುತ್ತಾರೆ, ಅದು ಖಿನ್ನತೆಯದ್ದು. ಆ ಅತ್ತೆ ನನ್ನ ಚೀಲ ತೆರೆದಿದ್ದರೆ ಒಂದೇ ದಿನದಲ್ಲಿ ನನಗೆ ಮೂರು ರೋಗ ಅಂಟಿಸಿ ಕಳುಹಿಸುತ್ತಿದ್ದರು.

ಆದರೆ ನನಗೆ ಅತ್ತೆಗಿಂತ ಹೆಚ್ಚು ಸಿಟ್ಟು ಬಂದದ್ದು ನಮ್ಮವರ ಮೇಲೆ. "ದೇವರಾಣೆಗೂ ಫಿಟ್ಸ್ ಅಲ್ಲ, ಬರೀ ತಲೆನೋವು" ಎಂದು ಕೈಮುಗಿದರಂತೆ. ಫಿಟ್ಸ್ ಆಗಿದ್ದರೆ ಏನಾಗುತ್ತಿತ್ತು? ನನ್ನ ಅಣ್ಣನಿಗೆ ಅದಿತ್ತು. ಇಲ್ಲಿ ಇದುವರೆಗೆ ಬರೆದಿರಲಿಲ್ಲ, ಈಗ ಬರೆದೆ.

ಮೈಗ್ರೇನ್ ಮತ್ತು ಫಿಟ್ಸ್ (ಅಪಸ್ಮಾರ), ಇವೆರಡೂ ಮಿದುಳಿನಲ್ಲಿ ಅಕ್ಕಪಕ್ಕದ ಮನೆಯವು. 1944ರಲ್ಲಿ ಬ್ರೆಜಿಲಿನ ವಿಜ್ಞಾನಿ ಲಿಯಾವ್ ಮೊಲಗಳ ಮಿದುಳಿನಲ್ಲಿ ಅಪಸ್ಮಾರವನ್ನು ಹುಡುಕುತ್ತಿದ್ದಾಗ ಸಿಕ್ಕಿದ್ದು ಬೇರೆಯೇ ಒಂದು ಅಲೆ. ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ತೆವಳುತ್ತಾ, ಹಾದುಹೋದಲ್ಲೆಲ್ಲ ನರಕೋಶಗಳನ್ನು ಸ್ವಲ್ಪ ಹೊತ್ತು ಮೌನಗೊಳಿಸುವ ಅಲೆ. ತಲೆನೋವಿಗೆ ಮೊದಲು ನನ್ನ ಕಣ್ಣೆದುರು ಕುಣಿಯುವ ಅಂಕುಡೊಂಕು ಬೆಳಕಿನ ಹಿಂದೆ ಇರುವುದು ಅದೇ. ಫಿಟ್ಸಿನಲ್ಲಿ ನರಕೋಶಗಳು ಒಟ್ಟಿಗೆ, ಒಮ್ಮೆಲೇ ಸಿಡಿಯುತ್ತವೆ. ಅಪಸ್ಮಾರ ಇರುವವರಲ್ಲಿ ಮೈಗ್ರೇನ್ ಉಳಿದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು. ಫಿಟ್ಸ್ ಬಂದುಹೋದ ಮೇಲೆ ತಲೆ ಸಿಡಿಯುವುದೂ ಸಾಮಾನ್ಯ. ಅಣ್ಣ ಆಗ ಬಾಗಿಲು ಹಾಕಿಕೊಂಡು ಕತ್ತಲೆಯಲ್ಲಿ ಮಲಗುತ್ತಿದ್ದ, ನನ್ನ ಹಾಗೆಯೇ. ನೆರೆಮನೆ ಎಂದಮಾತ್ರಕ್ಕೆ ಒಂದು ಇನ್ನೊಂದಾಗುವುದಿಲ್ಲ. ಆದರೆ ನನ್ನದಕ್ಕೆ "ನಾಟಕ" ಎಂಬ ಬಿರುದು, ಅವನದಕ್ಕೆ "ಶಾಪ" ಎಂಬ ಬಿರುದು. ಅವನ ಕೈಗೆ ಬೀಗದ ಕೈ ತುರುಕಿದವರು ಎಷ್ಟು ಮಂದಿಯೋ!

"ಮದುವೆಗೆ ಮೊದಲು ಕಾಯಿಲೆ ಹೇಳಬೇಡವೇ?" ಎಂದು ಕೇಳುವವರು ಬಂದೇ ಬರುತ್ತೀರಿ. ಹೇಳಬೇಕು, ಖಂಡಿತ ಹೇಳಬೇಕು. ಗಂಡಿನ ಮಾವ ಸಂಜೆಯಾದರೆ ಎಲ್ಲಿಗೆ ಹೋಗುತ್ತಾರೆಂದೂ ಹೇಳಬೇಕು, ಅದನ್ನು ಯಾರೂ ಮೊಬೈಲಿನಲ್ಲಿ ಹುಡುಕುವುದಿಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಅಪಸ್ಮಾರವು ಮದುವೆಗೆ ಅಡ್ಡಿ ಎಂಬ ಮಾತಿತ್ತು. 1999ರಲ್ಲಿ ಸಂಸತ್ತು ಅದನ್ನು ಕಿತ್ತುಹಾಕಿತು. ನಮ್ಮ ಜಗಲಿಗಳಲ್ಲಿ ಹಳೆಯ ಕಾಯ್ದೆಯೇ ನಡೆಯುತ್ತಿದೆ. ನಿಜವಾಗಿ ಕೇಳಬೇಕಾದ ಪ್ರಶ್ನೆ ಒಂದಿದೆ: ಫಿಟ್ಸಿಗೂ ಮೈಗ್ರೇನಿಗೂ ಕೊಡುವ ವಾಲ್‌ಪ್ರೊಯೇಟ್, ಟೋಪಿರಮೇಟ್ ಗರ್ಭದಲ್ಲಿರುವ ಮಗುವಿಗೆ ತೊಂದರೆ ಮಾಡಬಲ್ಲವು, ಮಗು ಬೇಕೆನ್ನುವ ಮೊದಲೇ ವೈದ್ಯರಲ್ಲಿ ಮಾತಾಡಬೇಕು. ಅದನ್ನು ಮಾತ್ರ ಯಾರೂ ಕೇಳಲಿಲ್ಲ.

ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಸಿಕೊಂಡ ಜಿಲ್ಲೆ ನಮ್ಮ ಕಾಸರಗೋಡು. ಆ ವಿಷ, ನರಕೋಶಗಳು ಮಿತಿಮೀರಿ ಸಿಡಿಯದಂತೆ ಮಿದುಳು ಹಾಕುವ ತಡೆಯನ್ನೇ ಕಟ್ಟಿಹಾಕಿ ಫಿಟ್ಸ್ ಬರಿಸುತ್ತದೆ. ಅದಕ್ಕೆ ಬಲಿಯಾದ ಎಣ್ಮಕಜೆ ಊರಿನ ಮಕ್ಕಳಿಗಾಗಿ ವೇದಿಕೆಯಲ್ಲಿ ಕಣ್ಣೊರೆಸಿಕೊಂಡವರಲ್ಲಿ ಆ ಗಂಡಿನ ತಂದೆಯೂ ಒಬ್ಬರು. ಫೋಟೊ ನನ್ನ ಬಳಿ ಇದೆ.